ಒಬ್ಬಳ ಸರಾಸರಿ

ತರಾವಾ
3 ಫೆಬ್ರವರಿ 2003

ಅಬಾನುಕ ದ್ವೀಪದ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಬೆರಿನಾ ಅವರಿಗೆ,

ಮಾನ್ಯರೇ,

ನಾನು ರಾಜಧಾನಿಯ ಅಂಕಿಅಂಶ ವಿಭಾಗಕ್ಕೆ ಹೊಸದಾಗಿ ಸೇರಿರುವ ಸಹಾಯಕ, ಹೆಸರು ಬಾನುವೆರಾ. ಈ ವರ್ಷ ಮೊದಲ ಬಾರಿಗೆ ದ್ವೀಪಕ್ಕೊಂದು ಪುಟದಂತೆ ನಾವೊಂದು ಪುಸ್ತಿಕೆ ತರುತ್ತಿದ್ದೇವೆ. ಎಷ್ಟು ಕೊಬ್ಬರಿ ಹಡಗು ಹತ್ತಿತು, ಎಷ್ಟು ಒಣಮೀನು ಮಾರಾಟವಾಯಿತು, ಶಾಲೆಯಲ್ಲಿ ಮಕ್ಕಳೆಷ್ಟು, ಸರ್ಕಾರಿ ಸಂಬಳ ಯಾವ ಹುದ್ದೆಗೆ ಎಷ್ಟು, ಇವೆಲ್ಲ ಅದರಲ್ಲಿ ಇರುತ್ತವೆ. ಅಕ್ಟೋಬರಿನಲ್ಲಿ ಅಚ್ಚಾಗಿ ಎಲ್ಲ ದ್ವೀಪಗಳಿಗೂ ಬರುತ್ತದೆ. ಹಿರಿಯರು ಅದನ್ನು ಊರಿನ ಸಭಾಮಂಟಪವಾದ ಮಾನೆಯಬದಲ್ಲಿ ಓದಿಸಿ ಕೇಳಬೇಕೆಂಬುದು ನಮ್ಮ ನಿರ್ದೇಶಕರ ಆಸೆ. ರೇಡಿಯೋದಲ್ಲಿಯೂ ಓದುತ್ತಾರೆ.

ತಾವು ತುಂಬಿ ಕಳಿಸಿದ ನಮೂನೆಯಲ್ಲಿ ಒಂದು ವ್ಯತ್ಯಾಸ ಕಂಡಿದೆ. ಮಕ್ಕಳು 58, ಶಿಕ್ಷಕರು 2 ಎಂದು ಬರೆದಿದ್ದೀರಿ. ಸಂಬಳದ ಪಟ್ಟಿಯಲ್ಲಿ ನಿಮ್ಮ ಶಾಲೆಗೆ ಇರುವುದು ಒಂದೇ ಹೆಸರು, ಅದು ತಮ್ಮದು. ಎರಡನೆಯವರು ರಜೆಯ ಮೇಲಿದ್ದಾರೆಯೇ, ಬೇರೆಡೆಗೆ ವರ್ಗವಾಗಿದ್ದಾರೆಯೇ ಅಥವಾ ಬರೆಯುವಾಗ ಕೈತಪ್ಪಾಗಿದೆಯೇ ಎಂಬುದನ್ನು ತಿಳಿಸಬೇಕು.

ಸಂಬಳದ ಕೋಷ್ಟಕದ ಮಾದರಿಯನ್ನೂ ಲಗತ್ತಿಸಿದ್ದೇನೆ. ಯಾರ ಹೆಸರನ್ನೂ ಹಾಕುವುದಿಲ್ಲ, ಹುದ್ದೆವಾರು ಸರಾಸರಿ ಮಾತ್ರ. ಹಾಗಾಗಿ ಯಾರ ಗುಟ್ಟೂ ಹೊರಬೀಳುವುದಿಲ್ಲ. ನಿಮ್ಮ ದ್ವೀಪದ ಸಾಲು ಹೀಗಿದೆ: ಮುಖ್ಯಶಿಕ್ಷಕರು, ಸಂಖ್ಯೆ 1, ಸರಾಸರಿ ವಾರ್ಷಿಕ ಸಂಬಳ 7,644 ಡಾಲರ್.

ಉತ್ತರದ ನಿರೀಕ್ಷೆಯಲ್ಲಿ,
ಬಾನುವೆರಾ


ಅಬಾನುಕ
24 ಫೆಬ್ರವರಿ 2003

ಶ್ರೀ ಬಾನುವೆರಾ ಅವರಿಗೆ,

ನಿಮ್ಮ ಕಾಗದ ಹದಿನೈದು ದಿನ ವಿಮಾನ ಕಾದು, ಒಂದು ಹಿಟ್ಟಿನ ಚೀಲದ ಜೊತೆ ಬಂದಿಳಿಯಿತು. ಅರ್ಧ ಕಾಗದ ಹಿಟ್ಟಾಗಿತ್ತು, ಆದರೂ ಓದಲು ಬಂತು. ಮಾದರಿ ಕೋಷ್ಟಕವನ್ನು ನೀವು ಕೈಯಲ್ಲೇ ಬರೆದಿದ್ದೀರಿ. ನಿಮ್ಮ 7 ಎಲ್ಲವೂ 1ರ ಹಾಗೆ ಕಾಣುತ್ತವೆ. ನಮ್ಮ ಶಾಲೆಯಲ್ಲಿ 7ರ ಹೊಟ್ಟೆಗೆ ಅಡ್ಡಗೆರೆ ಎಳೆಯದಿದ್ದರೆ ಒಂದನೇ ತರಗತಿಯಿಂದ ಎರಡಕ್ಕೆ ಬಿಡುವುದಿಲ್ಲ. ನೀವು ಯಾವ ಶಾಲೆಯವರೋ.

ಈಗ ಸರಾಸರಿಯ ವಿಷಯ. ಈ ದ್ವೀಪದಲ್ಲಿ ಸರ್ಕಾರಿ ಸಂಬಳದವರು ನಾವು ನಾಲ್ಕೇ ಜನ. ನರ್ಸ್ ಒಬ್ಬಳು, ಪೊಲೀಸ್ ಒಬ್ಬ, ಕೌನ್ಸಿಲಿನ ಗುಮಾಸ್ತ ಒಬ್ಬ, ನಾನೊಬ್ಬಳು. ಒಬ್ಬಳ ಸರಾಸರಿ ಎಂದರೆ ಆ ಒಬ್ಬಳೇ. ನಮ್ಮ ಪೊಲೀಸಪ್ಪನ ಸರಾಸರಿ ಸೊಂಟದ ಸುತ್ತಳತೆಯನ್ನು ಹೆಸರು ಹಾಕದೆ ಅಚ್ಚು ಹಾಕಿದರೆ ಯಾರದೆಂದು ಮಕ್ಕಳಿಗೂ ತಿಳಿಯುತ್ತದೆ. ನಿಮ್ಮ ಹೊಸ ಪುಸ್ತಿಕೆಯ ಮೇಲೆ ನನಗೇನೂ ಕೋಪವಿಲ್ಲ. ಪಕ್ಕದ ಎರಡು ದ್ವೀಪಗಳನ್ನೂ ನಮ್ಮನ್ನೂ ಸೇರಿಸಿ ಒಂದೇ ಸಾಲಿನಲ್ಲಿ ತೋರಿಸಲು ಆಗುವುದಿಲ್ಲವೇ? ನಿರ್ದೇಶಕರನ್ನು ಕೇಳಿ ನೋಡಿ.

ಮಕ್ಕಳು 58 ಸರಿ ಇದೆ. ನೀವು ಎಣಿಸಲು ಬಂದ ದಿನ ದಕ್ಷಿಣದ ಹಳ್ಳಿಯಲ್ಲಿ ಮದುವೆ ಇದ್ದರೆ 41 ಸಿಕ್ಕಾರು. ಮರುದಿನ ಬನ್ನಿ, ಹೊಟ್ಟೆ ಕೆಟ್ಟವರನ್ನು ಬಿಟ್ಟು ಉಳಿದವರು ಇರುತ್ತಾರೆ.

ಶಿಕ್ಷಕರು ಎಷ್ಟು ಎಂದು ಮಕ್ಕಳನ್ನು ಕೇಳಿದರೆ ಇಬ್ಬರು ಎನ್ನುತ್ತಾರೆ. ಅವರು ಸುಳ್ಳು ಹೇಳುವ ಮಕ್ಕಳಲ್ಲ.

ಬೆರಿನಾ


ತರಾವಾ
20 ಮಾರ್ಚ್ 2003

ಮಾನ್ಯರೇ,

ತಮ್ಮ ಪತ್ರ ತಲುಪಿತು. 7ರ ಬಗ್ಗೆ ಸೂಚನೆಯನ್ನು ಗಮನಿಸಿದ್ದೇನೆ.

ಶಿಕ್ಷಕರ ಸಂಖ್ಯೆಯ ಬಗ್ಗೆ ತಾವು ನೇರ ಉತ್ತರ ಕೊಟ್ಟಿಲ್ಲ. ನಾನು ಬಿಚ್ಚಿ ಹೇಳಬೇಕಾಗಿದೆ. ಬೇರೊಂದು ದ್ವೀಪದಲ್ಲಿ ಇಲ್ಲದ ಶಿಕ್ಷಕರನ್ನು ಕಾಗದದ ಮೇಲೆ ತೋರಿಸಿ, ಅವರಿಗೆಂದು ಮನೆ ಕಟ್ಟಿಸಲು ಹಣ ಕೇಳಿದ ಪ್ರಕರಣ ನಡೆದಿದೆ. ತಮ್ಮ ಶಾಲೆಯಲ್ಲಿ ಹಾಗಿದೆ ಎನ್ನುತ್ತಿಲ್ಲ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ಶಿಕ್ಷಕ ಎಂದರೆ ಮೇಲಿನವರಿಗೆ ಮೊದಲು ಬರುವ ಅನುಮಾನ ಅದೇ. ಮೇ ತಿಂಗಳೊಳಗೆ ವಿವರ ಬಾರದಿದ್ದರೆ ಶಾಲಾ ತಪಾಸಣಾಧಿಕಾರಿಗೆ ಬರೆಯುವುದು ನನ್ನ ಕರ್ತವ್ಯವಾಗುತ್ತದೆ.

ದ್ವೀಪಗಳನ್ನು ಕೂಡಿಸಿ ತೋರಿಸುವ ಸಲಹೆಯನ್ನು ನಿರ್ದೇಶಕರ ಮುಂದಿಟ್ಟೆ. "ಜನರ ದುಡ್ಡಪ್ಪ ಅದು, ಜನಕ್ಕೆ ಗೊತ್ತಾಗ್ಲಿ ಬಿಡು," ಎಂದರು. ಅದು ನನಗೂ ಸರಿಯೆನಿಸಿತು. ಸಂಬಳ ಹೆಚ್ಚಿದೆ ಎಂದು ತಾವು ಮುಜುಗರಪಡಬೇಕಿಲ್ಲ. ನನ್ನ ಸಂಬಳವೂ ಅದೇ ಪುಸ್ತಿಕೆಯಲ್ಲಿ ಇರುತ್ತದೆ. ಮಾದರಿಯಾಗಿ ಎಲ್ಲ ದ್ವೀಪಗಳ ಹಾಳೆಗಳನ್ನು ರೇಡಿಯೋದವರಿಗೆ ಆಗಲೇ ಕೊಟ್ಟಿದ್ದೇನೆ, ಓದಿ ಅಭ್ಯಾಸ ಮಾಡಿಕೊಳ್ಳಲಿ ಎಂದು.

ಬಾನುವೆರಾ


ಅಬಾನುಕ
14 ಏಪ್ರಿಲ್ 2003

ಬಾನುವೆರಾ ಅವರೇ,

ಇದನ್ನು ಕಡತದಲ್ಲಿ ಸೇರಿಸಬೇಡಿ. ಕೌನ್ಸಿಲಿನ ರೇಡಿಯೋ ಟೆಲಿಫೋನಿನಲ್ಲಿ ಹೇಳಬಹುದಿತ್ತು, ಆದರೆ ಅಲ್ಲಿ ಮಾತಾಡಿದ್ದು ನೀವು ಕೇಳಿಸಿಕೊಳ್ಳುವ ಮೊದಲೇ ಇಡೀ ದ್ವೀಪ ಕೇಳಿಸಿಕೊಂಡಿರುತ್ತದೆ.

ಇಲ್ಲದ ಶಿಕ್ಷಕಿಯ ಹೆಸರು ರೂಟಾ. ವಯಸ್ಸು ಇಪ್ಪತ್ನಾಲ್ಕು. ಒಂದರಿಂದ ಮೂರನೇ ತರಗತಿಯ ಮೂವತ್ತೊಂದು ಮಕ್ಕಳು ಅವಳ ಕೈಯಲ್ಲಿದ್ದಾರೆ. ನೆರಳೂ ಇದೆ, ಗಂಟಲೂ ಇದೆ, ದೆವ್ವವಲ್ಲ. ನನ್ನ ಗಂಡನ ದಾಯಾದಿಯ ಮಗಳು. ಶಾಲೆಯೊಳಗೆ ನಾನು ಅವಳಿಗೆ ಟೀಚರ್, ಹೊರಗೆ ದೊಡ್ಡಮ್ಮ.

2000ನೇ ಇಸವಿಯಲ್ಲಿ ಇಲ್ಲಿಂದ ಹನ್ನೆರಡು ಮನೆಯವರು ಕ್ರಿಸ್ಮಸ್ ದ್ವೀಪಕ್ಕೆ ಕೊಬ್ಬರಿ ಕೆಲಸಕ್ಕೆ ಹೋದರು. ಮಕ್ಕಳು 39ಕ್ಕೆ ಇಳಿದರು. ನಲವತ್ತಕ್ಕೆ ಕಡಿಮೆಯಾದರೆ ಒಬ್ಬರೇ ಶಿಕ್ಷಕರು ಎಂಬುದು ನಿಯಮ. ಒಂದು ಮಗು ಕಡಿಮೆಯಾಗಿ ರೂಟಾಳ ಹುದ್ದೆ ಹೋಯಿತು. ಮರುವರ್ಷ ಎಲ್ಲ ಮನೆಯವರೂ ವಾಪಸು ಬಂದರು, ಹುದ್ದೆ ಬರಲಿಲ್ಲ. ಮೇಲೆ ಐದು ಕಾಗದ ಬರೆದೆ. ಒಂದಕ್ಕೂ ಉತ್ತರವಿಲ್ಲ.

ಹುದ್ದೆ ರದ್ದಾದ ಆದೇಶ ಬಂದದ್ದು ನನ್ನ ಕೈಗೆ. ಮಡಿಸಿ ಮೇಜಿನ ಖಾನೆಯಲ್ಲಿಟ್ಟೆ, ರೂಟಾಗೆ ಹೇಳಲಿಲ್ಲ. ಹದಿನೈದು ದಿನಕ್ಕೊಮ್ಮೆ ವಿಮಾನದಲ್ಲಿ ಬರುವ ಸಂಬಳಕ್ಕೆ ಮೊದಲಿನಿಂದಲೂ ಸಹಿ ಹಾಕಿ ತರುವವಳು ನಾನೇ. ಈಗ ನನ್ನದನ್ನು ಮನೆಗೆ ತಂದು ಸರಿಯಾಗಿ ಎರಡು ಪಾಲು ಮಾಡಿ, ಒಂದನ್ನು ಹೊಸ ಲಕೋಟೆಗೆ ಹಾಕಿ, ಮೇಲೆ ಅವಳ ಹೆಸರು, 147 ಡಾಲರ್ ಎಂದು ಬರೆದು, ಶಾಲೆಯ ಮೊಹರು ಒತ್ತಿ ಕೊಡುತ್ತೇನೆ. ಮೊದಲು ಅವಳಿಗೆ 145 ಬರುತ್ತಿತ್ತು. "ಎರಡು ಡಾಲರ್ ಜಾಸ್ತಿ ಇದೆಯಲ್ಲ ದೊಡ್ಡಮ್ಮ?" ಎಂದಳು. "ಸರ್ಕಾರಕ್ಕೆ ಬುದ್ಧಿ ಬಂದಿದೆ ಕಣೆ," ಎಂದೆ.

ಗೊತ್ತಾದರೆ ಅವಳು ಆ ದುಡ್ಡು ಮುಟ್ಟುವುದಿಲ್ಲ. ಬೇಕೆಂದೇ ದೊಡ್ಡಮ್ಮನ ಹೊಟ್ಟೆ ಹೊಡೆಯುವ ಹುಡುಗಿ ಅವಳಲ್ಲ. ತರಾವಾದಲ್ಲಿ ಅವಳ ಅಕ್ಕನ ಅಂಗಡಿಯಿದೆ, ಬಾ ಬಾ ಎಂದು ಕರೆಯುತ್ತಲೇ ಇದ್ದಾರೆ. ಹೊರಟುಬಿಡುತ್ತಾಳೆ. ಆಮೇಲೆ 58 ಮಕ್ಕಳು, ಆರು ತರಗತಿ, ನಾನೊಬ್ಬಳು.

ನನ್ನ ಸಂಬಳ ಎಷ್ಟೆಂದು ಊರಿಗೆ ಗೊತ್ತಿಲ್ಲ. ಇಬ್ಬರಿಗೂ ಅದೇ 147 ಡಾಲರ್ ಬರುತ್ತದೆ ಎಂದುಕೊಂಡಿದ್ದಾರೆ, ನಾನೂ ಬೇಡವೆನ್ನಲಿಲ್ಲ. ಗೊತ್ತಾದರೆ ಏನಾಗುತ್ತದೆ ಎಂಬುದನ್ನು ನಿಮಗೆ ನಾನು ಬಿಡಿಸಿ ಹೇಳಬೇಕೇ? ಹೋದ ವರ್ಷ ನಮ್ಮ ಪೊಲೀಸಪ್ಪನಿಗೆ ಹಳೆಯ ಬಾಕಿ ಒಟ್ಟಿಗೆ ಬಂತು. ಗುಮಾಸ್ತ ಬಾಯಿ ತಪ್ಪಿ ಮೊತ್ತ ಹೇಳಿಬಿಟ್ಟ. ಸೋಮವಾರ ಸೋದರಮಾವ ಬಂದು ಬುಬುಸಿ ಅಂದರು, ಮಂಗಳವಾರ ಅತ್ತೆಯ ಕಡೆಯವರು ಬಂದು ಬುಬುಸಿ ಅಂದರು. ಬಂಧುವೊಬ್ಬರು ಬುಬುಸಿ ಎಂದು ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲವೆನ್ನುವ ನಾಲಿಗೆ ನಮ್ಮಲ್ಲಿ ಯಾರಿಗಿದೆ? ಕೇಳಿದವರಿಗಲ್ಲ, ಇಲ್ಲವೆಂದವರಿಗೇ ಅವಮಾನ. ಭಾನುವಾರದ ಹೊತ್ತಿಗೆ ಅವನ ಬಳಿ ಉಳಿದದ್ದು ಸರ್ಕಾರದ ಟೋಪಿ ಮಾತ್ರ. ಅದನ್ನೂ ಒಬ್ಬರು ಕೇಳಿದ್ದರಂತೆ.

ನನ್ನ ಮೈದುನ ಕಾವುರೆಯ ದೋಣಿಯ ಮೋಟರು ಕೆಟ್ಟು ಎರಡು ವರ್ಷವಾಯಿತು. ಅವನು ರೇಡಿಯೋ ತಪ್ಪದೆ ಕೇಳುತ್ತಾನೆ.

ಈಗ ತಪಾಸಣಾಧಿಕಾರಿಗೆ ಬರೆಯುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು.

ಬೆರಿನಾ


ತರಾವಾ
12 ಮೇ 2003

ಮಾನ್ಯರೇ,

ತಪಾಸಣಾಧಿಕಾರಿಗೆ ಬರೆದಿಲ್ಲ. ಬರೆಯುವುದೂ ಇಲ್ಲ. ಇಲ್ಲದ ಶಿಕ್ಷಕರ ಮಾತೆತ್ತಿದ್ದಕ್ಕೆ ಕ್ಷಮೆ ಇರಲಿ.

ಆದರೆ ನನ್ನ ಕೈಯಲ್ಲಿ ಹೆಚ್ಚೇನೂ ಇಲ್ಲ. ಇಲ್ಲದ ಅಂಕಿಯನ್ನು ನಾನು ಬರೆಯಲಾರೆ, ಇರುವುದನ್ನು ಅಳಿಸಲಾರೆ. ಶಿಕ್ಷಕರ ಸಂಖ್ಯೆಯನ್ನು ಸಂಬಳದ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕೆಂದು ಆದೇಶವಿದೆ. ಹಾಗಾಗಿ ನಿಮ್ಮ ಪುಟದಲ್ಲಿ ಶಿಕ್ಷಕರು 1 ಎಂದು ಬರುತ್ತದೆ, ಅದರ ಕೆಳಗೇ ನಿಮ್ಮ ಸಂಬಳ ಬರುತ್ತದೆ. ಎರಡನ್ನೂ ಕೇಳಿದವರಿಗೆ ಲೆಕ್ಕ ಹೊಳೆಯಲು ಹೆಚ್ಚು ಹೊತ್ತು ಬೇಕಿಲ್ಲ. ಅಕ್ಟೋಬರಿಗೆ ಮೊದಲು ರೂಟಾ ಅವರಿಗೆ ತಾವೇ ಹೇಳಿಬಿಡುವುದು ಒಳ್ಳೆಯದು. ರೇಡಿಯೋ ಹೇಳುವುದಕ್ಕಿಂತ ದೊಡ್ಡಮ್ಮ ಹೇಳುವುದು ಮೇಲಲ್ಲವೇ.

ಸಾಯಂಕಾಲ ಊಟಕ್ಕೆ ಕೂತಾಗ ನಿಮ್ಮ ದ್ವೀಪದ ಮಾತು ತೆಗೆದೆ. ನನ್ನ ಅಮ್ಮ ಹೇಳಿದಳು, ನನ್ನ ಅಜ್ಜಿ ಕತಿಮಿರಿ ಅಬಾನುಕದ ಉತ್ತರದ ಹಳ್ಳಿಯವಳಂತೆ. ಬ್ರೆಡ್‌ಫ್ರೂಟ್ ಮರದ ಹಿಂದಿನ ಮನೆ ಎಂದಳು. ನಾನು ಆ ದ್ವೀಪ ನೋಡಿಯೇ ಇಲ್ಲ. ಸುಮ್ಮನೆ ನೆನಪಾಯಿತೆಂದು ಬರೆದೆ.

ಬಾನುವೆರಾ


ಅಬಾನುಕ
2 ಜೂನ್ 2003

ಪ್ರೀತಿಯ ಬಾನುವೆರಾ,

ಇನ್ನು ಮೇಲೆ ಮಾನ್ಯರೇ ಎಂದು ಬರೆದರೆ ಕಿವಿ ಹಿಂಡುತ್ತೇನೆ. ಲೆಕ್ಕದ ಕಚೇರಿಯಲ್ಲಿ ಕೂತವನು ಇಷ್ಟು ದಡ್ಡನಾಗಿರಬಹುದೆಂದು ನಾನೆಣಿಸಿರಲಿಲ್ಲ. ಅಜ್ಜಿಯ ಹೆಸರನ್ನು ಯಾರಾದರೂ ಕಾಗದದಲ್ಲಿ ಬರೆಯುತ್ತಾರೆಯೇ? ಕತಿಮಿರಿ ನನ್ನ ಅಮ್ಮನ ಸ್ವಂತ ಅಕ್ಕ. ಆ ಬ್ರೆಡ್‌ಫ್ರೂಟ್ ಮರ ಈಗಲೂ ಇದೆ, ಅದರ ಹಿಂದಿನ ಮನೆಯಲ್ಲಿ ಈಗ ಕೂತು ಬರೆಯುತ್ತಿರುವವಳು ನಾನೇ. ನಿನ್ನ ಅಮ್ಮ ನನಗೆ ಅಕ್ಕ. ನಾನು ನಿನಗೆ ಚಿಕ್ಕಮ್ಮ.

ಅಂದರೆ ಏನೆಂದು ಹೊಳೆಯಿತೇ? ನಾನೀಗ ನಿನ್ನನ್ನು ಕೇಳಬಹುದು, ನೀನು ಇಲ್ಲವೆನ್ನುವ ಹಾಗಿಲ್ಲ. ಶಿಕ್ಷಕರು 2 ಎಂದು ಬರೆ ಎಂದರೆ ಬರೆಯಬೇಕು. ಆ ಸಂಬಳದ ಸಾಲನ್ನೇ ಕಿತ್ತುಹಾಕು ಎಂದರೆ ಕಿತ್ತುಹಾಕಬೇಕು. ಒಂದೇ ಒಂದು ಶಬ್ದ ಸಾಕು. ನಿನ್ನ ಕಾಗದ ಓದಿ ಮುಗಿಸಿದಾಗ ಆ ಶಬ್ದ ನನ್ನ ಪೆನ್ನಿನ ತುದಿಗೆ ಬಂದಿತ್ತು. ಮೂರು ದಿನ ಅದನ್ನು ಹಿಡಿದುಕೊಂಡು ಓಡಾಡಿದೆ.

ಕೇಳುವುದಿಲ್ಲ. ಕೇಳಿಸಿಕೊಳ್ಳುವವರ ಪಾಡು ಏನೆಂದು ಮೂರು ವರ್ಷದಿಂದ ಹೆದರಿಕೊಂಡೇ ಬದುಕಿದವಳು ನಾನು. ಅದನ್ನು ಅಕ್ಕನ ಮಗನಿಗೆ ಮಾಡುವುದಿಲ್ಲ. ನಿನ್ನದು ಹೊಸ ಕೆಲಸ, ಅದನ್ನು ನೆಟ್ಟಗೆ ಮಾಡು.

ರೂಟಾಗೆ ಹೇಳುತ್ತೇನೆ. ಇವತ್ತಲ್ಲ. ಪರೀಕ್ಷೆ ಮುಗಿಯಲಿ.

ಅಕ್ಕನಿಗೆ ಒಂದು ಸೀಸೆ ತೆಂಗಿನ ಪಾಕ ಕಳಿಸಿದ್ದೇನೆ. ಪೈಲಟ್ ಕುಡಿಯದಿದ್ದರೆ ತಲುಪುತ್ತದೆ.

ನಿನ್ನ ಚಿಕ್ಕಮ್ಮ,
ಬೆರಿನಾ


ತರಾವಾ
17 ಅಕ್ಟೋಬರ್ 2003

ಚಿಕ್ಕಮ್ಮ,

ನಾಲ್ಕು ತಿಂಗಳು ಬರೆಯಲಿಲ್ಲ. ನೀವು ಕೇಳುವುದಿಲ್ಲ ಎಂದದ್ದನ್ನು ನಾನು ಮೊದಲು ಕೋಪ ಎಂದುಕೊಂಡೆ. ಅಮ್ಮ ಕಾಗದವನ್ನು ಎರಡು ಸಲ ಓದಿಸಿ ಕೇಳಿ, "ಕೋಪ ಅಲ್ಲ ಕಣೋ ಪೆದ್ದ. ಕೇಳಿದ್ರೆ ನೀನು ಮಾಡ್ಲೇಬೇಕಿತ್ತು, ಚಿಕ್ಕಮ್ಮ ಕೇಳ್ದೇ ಇದ್ರೂ ಮಾಡ್ತೀಯೇನೋ ನೋಡೋಣ," ಎಂದಳು.

ಮಾಡಿದೆ. ತರಬೇತಿಯಲ್ಲಿ ಕೊಟ್ಟಿದ್ದ ಟಿಪ್ಪಣಿಗಳನ್ನು ಹುಡುಕಿದೆ. ಮೂವರಿಗಿಂತ ಕಡಿಮೆ ಜನರಿರುವ ಯಾವ ಲೆಕ್ಕವನ್ನೂ ಬೇರೆಯಾಗಿ ತೋರಿಸಬಾರದು, ಪಕ್ಕದ್ದರ ಜೊತೆ ಕೂಡಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಇದೇ ಮಾತನ್ನು ನೀವು ಫೆಬ್ರವರಿಯಲ್ಲೇ ಹೇಳಿದ್ದಿರಿ. ನಿರ್ದೇಶಕರ ಮುಂದೆ ಆರು ಸಲ ನಿಂತೆ. ಕೊನೆಗೆ, "ಆಯ್ತು ಮಾರಾಯ, ಕೂಡ್ಸು, ನನ್ ತಲೆ ತಿನ್ಬೇಡ," ಎಂದರು. ಪುಸ್ತಿಕೆಯಲ್ಲಿ ಈಗ ಮೂರು ದ್ವೀಪ ಒಂದೇ ಸಾಲು. ಮುಖ್ಯಶಿಕ್ಷಕರು 3, ಶಿಕ್ಷಕರು ಎಲ್ಲ ಸೇರಿ 9, ಸರಾಸರಿಯೂ ನಿಮ್ಮದಲ್ಲ. ಯಾರಿಗೂ ಏನೂ ತಿಳಿಯುವಂತಿರಲಿಲ್ಲ.

ಇಷ್ಟು ಬರೆದು ಸಂತೋಷವಾಗಿ ಮುಗಿಸಬೇಕಾದ ಕಾಗದ ಇದು. ನಿನ್ನೆ ಸಂಜೆ ರೇಡಿಯೋ ಹಚ್ಚಿದೆ. ಓದುತ್ತಿದ್ದದ್ದು ಪುಸ್ತಿಕೆಯಲ್ಲ, ಮಾರ್ಚಿನಲ್ಲಿ ಅಭ್ಯಾಸಕ್ಕೆಂದು ನಾನೇ ಕೊಟ್ಟಿದ್ದ ಹಾಳೆಗಳು. ಅವನ್ನು ವಾಪಸು ತರುವುದು ನನಗೆ ಮರೆತೇಹೋಗಿತ್ತು. ಅಬಾನುಕ, ಮಕ್ಕಳು 58, ಶಿಕ್ಷಕರು ಒಬ್ಬರು, ಮುಖ್ಯಶಿಕ್ಷಕರ ಸಂಬಳ ಏಳು ಸಾವಿರದ ಆರು ನೂರ ನಲವತ್ನಾಲ್ಕು. ಓದಿದವನ ಉಚ್ಚಾರ ಬಹಳ ಸ್ಪಷ್ಟವಾಗಿತ್ತು. ನಾನು ಸೈಕಲ್ ಹತ್ತಿ ರೇಡಿಯೋ ಕಚೇರಿಗೆ ಓಡುವಷ್ಟರಲ್ಲಿ ಮುಂದಿನ ದ್ವೀಪಕ್ಕೆ ಹೋಗಿಬಿಟ್ಟಿದ್ದ.

ತಪ್ಪು ಯಾರದೂ ಅಲ್ಲ, ನನ್ನದು. ರೂಟಾಗೆ ನೀವು ಹೇಳಿದ್ದಿರಾ? ಹೇಳಿರಲಿ ದೇವರೇ ಎಂದುಕೊಳ್ಳುತ್ತಿದ್ದೇನೆ. ವಿಮಾನ ಕೆಟ್ಟು ನಿಂತಿದೆ ಎನ್ನುತ್ತಾರೆ. ಈ ಕಾಗದ ದೋಣಿಯಲ್ಲಿ ಬರುತ್ತದೆ, ಬರುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿರುತ್ತದೆ.

ಬಾನುವೆರಾ


ಅಬಾನುಕ
9 ನವೆಂಬರ್ 2003

ಮಗೂ,

ನಿನ್ನ ಕಾಗದ ನಿನ್ನೆ ಬಂತು. ಆಗುವುದೆಲ್ಲ ಆಗಿದೆ. ಕ್ರಮವಾಗಿ ಬರೆಯುತ್ತೇನೆ.

ರೂಟಾಗೆ ನಾನು ಹೇಳಿರಲಿಲ್ಲ. ಪರೀಕ್ಷೆ ಮುಗಿಯಲಿ ಎಂದೆ, ಆಮೇಲೆ ರಜೆ ಮುಗಿಯಲಿ ಎಂದೆ, ಆಮೇಲೆ ಅವಳಿಗೆ ನೆಗಡಿಯಾಗಿತ್ತು. ಐವತ್ತೆರಡು ವರ್ಷದ ಹೆಂಗಸು ಮಾಡುವ ಕೆಲಸವಲ್ಲ ಇದು, ಆದರೆ ಮಾಡಿದೆ.

ಗುರುವಾರ ರೇಡಿಯೋ ಹೇಳಿತು. ಆ ಹೊತ್ತಿಗೆ ನಾನು ಮೀನು ಸುಡುತ್ತಿದ್ದೆ. ಪಕ್ಕದ ಮನೆಯ ರೇಡಿಯೋ, ಅದರ ಪಕ್ಕದ ಮನೆಯ ರೇಡಿಯೋ, ಎಲ್ಲವೂ ಒಟ್ಟಿಗೆ ನನ್ನ ಸಂಬಳ ಕೂಗಿದವು. ಶುಕ್ರವಾರ ಯಾರೂ ಬರಲಿಲ್ಲ. ಶನಿವಾರವೂ ಯಾರೂ ಬರಲಿಲ್ಲ. ಬಂದಿದ್ದರೇ ಚೆನ್ನಾಗಿತ್ತು. ರೂಟಾ ಶುಕ್ರವಾರ ಎಂದಿನ ಹಾಗೆ ಬಂದು, ಸೀಮೆಸುಣ್ಣ ತೆಗೆದುಕೊಂಡು, ಮಗ್ಗಿ ಹೇಳಿಸಿ ಹೋದಳು. ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಇನ್ನು ದೋಣಿ ಬಂದ ದಿನ ಇವಳು ಗಂಟುಮೂಟೆ ಕಟ್ಟುತ್ತಾಳೆ ಎಂದುಕೊಂಡೆ. ಆ ರಾತ್ರಿ ಅತ್ತುಬಿಟ್ಟೆ, ಬಹಳ ವರ್ಷಕ್ಕೆ.

ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಮಾನೆಯಬದಲ್ಲಿ ಕೂತೆವು. ಹಿರಿಯ ತೆಬುರೋರೊ ತಾತ ಶುರು ಮಾಡಿದರು. "ನಮ್ಮೂರಲ್ಲೇ ಇಷ್ಟ್ ದೊಡ್ಡ ಸಾವ್ಕಾರ್ತಿ ಇದ್ದಾಳೆ ಅಂತ ಗೊತ್ತಿರ್ಲಿಲ್ವಲ್ಲಮ್ಮ! ಗೊತ್ತಿದ್ರೆ ಎದ್ದು ನಮಸ್ಕಾರ ಮಾಡ್ತಿದ್ದೆ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಗ ನನ್ನ ಮೈದುನ ಕಾವುರೆ ಗಂಟಲು ಸರಿಮಾಡಿಕೊಂಡ. ನಿನಗೆ ಗೊತ್ತಿದೆಯಲ್ಲ, ಕೇಳುವವರು ನೇರವಾಗಿ ಕೇಳುವುದಿಲ್ಲ, ಊರೆಲ್ಲ ಸುತ್ತಿ ಬರುತ್ತಾರೆ. ಅವನು ನಮ್ಮ ಮಾವನವರ ಕಾಲದಿಂದ ಹಿಡಿದ. ಅವರ ದೋಣಿ ಎಂಥದು, ಅವರು ತಂದ ಟ್ಯೂನಾ ಎಂಥದು, ಅತ್ತಿಗೆಯ ಮದುವೆಯ ದಿನ ಸಮುದ್ರ ಎಷ್ಟು ತಣ್ಣಗಿತ್ತು. ಮೋಟರಿನ ಹತ್ತಿರ ಬರಲು ಇನ್ನೂ ಇಪ್ಪತ್ತು ವರ್ಷ ಬಾಕಿ ಇತ್ತು. ಅಷ್ಟರಲ್ಲಿ ಅಂಚಿನ ಚಾಪೆಯ ಮೇಲೆ ಕೂತಿದ್ದ ರೂಟಾ ಎದ್ದು ನಿಂತಳು. ಮದುವೆಯಾಗದ ಹುಡುಗಿ ಮಾನೆಯಬದಲ್ಲಿ ಎದ್ದು ಮಾತಾಡುವುದು ನಮ್ಮಲ್ಲಿ ಇಲ್ಲ. ಎದ್ದಳು.

"ತಪ್ಪಾದ್ರೆ ಹಿರೀರು ಕ್ಷಮಿಸ್ಬೇಕು. ದೊಡ್ಡಮ್ಮ, ನಂದೊಂದು ಬುಬುಸಿ ಇದೆ," ಎಂದಳು.

ಕಾವುರೆ, "ಏಯ್, ನಾನ್ ಮಾತಾಡ್ತಾ ಇಲ್ವೇನೆ?" ಎಂದ.

"ನೀವು ಮಾತಾಡ್ತಾ ಇದ್ರಿ ಚಿಕ್ಕಪ್ಪ, ಕೇಳ್ಲಿಲ್ಲ. ನಾನು ಕೇಳ್ತಾ ಇದೀನಿ," ಎಂದಳು. ತೆಬುರೋರೊ ತಾತ ಕೈ ಎತ್ತಿ ಅವನನ್ನು ಸುಮ್ಮನಿರಿಸಿದರು.

ಅವಳು ಹೇಳಿದ್ದು ಇಷ್ಟು: "ದೊಡ್ಡಮ್ಮನ ಸಂಬಳದಲ್ಲಿ ಸರಿಯಾಗಿ ಅರ್ಧ ನಂಗೆ ಬೇಕು. ಈ ಸಲದ್ದು ಮಾತ್ರ ಅಲ್ಲ, ಶಾಲೇಲಿ ನಾವಿಬ್ರೂ ಇರೋವರ್ಗೂ ಪ್ರತಿ ಸಲದ್ದೂ. ಎಲ್ರ ಮುಂದೆ ಕೇಳ್ತಾ ಇದೀನಿ."

ನನಗೆ ತಕ್ಷಣ ಹೊಳೆಯಲಿಲ್ಲ ಮಗೂ. ಇಷ್ಟು ದುರಾಸೆಯ ಹುಡುಗಿಯೇ ಇವಳು ಎಂದು ಒಂದು ಕ್ಷಣ ಅನಿಸಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಹೊಳೆಯಿತು. ಒಬ್ಬರಿಗೆ ಬುಬುಸಿಯಲ್ಲಿ ಕೊಟ್ಟದ್ದನ್ನು ಇನ್ನೊಬ್ಬರು ಕೇಳುವ ಹಾಗಿಲ್ಲ. ಅವಳು ಕೇಳಿದ್ದು ನಾನು ಯಾವಾಗಲೂ ಅವಳಿಗೆ ಕೊಡುತ್ತಿದ್ದ ಅದೇ ಅರ್ಧ. ಇನ್ನು ಅದನ್ನು ಯಾರೂ ಮುಟ್ಟುವಂತಿಲ್ಲ, ಮೋಟರಿಗೂ ಇಲ್ಲ, ಚರ್ಚಿನ ಸೂರಿಗೂ ಇಲ್ಲ. ಉಳಿದರ್ಧ ಎಷ್ಟೆಂದು ಊರಿಗೆ ಮೊದಲೇ ಗೊತ್ತು, ಅದರಿಂದ ನನ್ನ ಮನೆ ನಡೆಯುವುದೂ ಗೊತ್ತು.

"ಕೊಟ್ಟೆ," ಎಂದೆ. ಇನ್ನೇನು ಹೇಳಲಿ.

ತೆಬುರೋರೊ ತಾತ ಮೊದಲು ನಕ್ಕರು. ಆಮೇಲೆ ಮಾನೆಯಬದ ಸೂರು ಹಾರುವ ಹಾಗೆ ಎಲ್ಲರೂ ನಕ್ಕರು. ಕಾವುರೆ ತಲೆಯ ಮೇಲೆ ಕೈ ಹೊತ್ತು, "ಹೋಯ್ತಲ್ಲಪ್ಪಾ ನನ್ ಮೋಟರು! ಮದುವೆ ಮಾತು ಬಿಟ್ಟು ಮೊದ್ಲೇ ಕೇಳಿದ್ರೆ ಆಗ್ತಿತ್ತು," ಎಂದ. ಅವನ ಹೆಂಡತಿ, "ನಿಮ್ಮಪ್ಪನ ಟ್ಯೂನಾ ನುಂಗ್ತು ನಿಮ್ ಮೋಟರ್ನ," ಎಂದಳು.

ಮನೆಗೆ ಬರುವಾಗ ದಾರಿಯಲ್ಲಿ ರೂಟಾಳನ್ನು ಕೇಳಿದೆ, ರೇಡಿಯೋ ಕೇಳಿ ಲೆಕ್ಕ ಹಾಕಿದೆಯೇನೆ ಎಂದು.

"ರೇಡಿಯೋ ಯಾಕೆ ದೊಡ್ಡಮ್ಮ? ಮೊದಲ್ನೇ ಲಕೋಟೇಲೇ ಗೊತ್ತಾಯ್ತು. ಸರ್ಕಾರದೋರು ಏಳರ ಹೊಟ್ಟೆಗೆ ಗೆರೆ ಎಳೀತಾರಾ?" ಎಂದಳು.

ಮೂರು ವರ್ಷ, ಬಾನುವೆರಾ. ಇಪ್ಪತ್ತೊಂದನೇ ವಯಸ್ಸಿನಿಂದ ಅವಳು ಗೊತ್ತಿದ್ದೂ ಲಕೋಟೆ ತೆಗೆದುಕೊಂಡಿದ್ದಾಳೆ, ಅಕ್ಕನ ಅಂಗಡಿಗೆ ಹೋಗದೆ ನಿಂತಿದ್ದಾಳೆ. "ಮತ್ತ್ಯಾಕೆ ಹೇಳ್ಲಿಲ್ಲ?" ಎಂದೆ. "ಹೇಳಿದ್ರೆ ನಿಮ್ಗೆ ಬೇಜಾರಾಗ್ತಿತ್ತು. ಅಷ್ಟ್ ಚೆನ್ನಾಗಿ ಮೊಹರು ಒತ್ತಿರ್ತಿದ್ರಿ," ಎಂದಳು.

ನಾನು ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ನಿನ್ನ ಹಾಳೆಯ ವಿಷಯಕ್ಕೆ ಬೇಸರ ಮಾಡಿಕೊಳ್ಳಬೇಡ.

ಚಿಕ್ಕಮ್ಮ


ತರಾವಾ
8 ಡಿಸೆಂಬರ್ 2003

ಚಿಕ್ಕಮ್ಮ,

ಕಾಗದವನ್ನು ಅಮ್ಮನಿಗೆ ಓದಿದೆ. ಅಂಗಿಯ ತುದಿಯಲ್ಲಿ ಕಣ್ಣೊರೆಸಿಕೊಂಡು, ಟ್ಯೂನಾದ ಭಾಗವನ್ನು ಇನ್ನೊಮ್ಮೆ ಓದು ಎಂದಳು.

ನನ್ನ ಸಂಬಳವೂ ಪುಸ್ತಿಕೆಯಲ್ಲಿತ್ತು. ಸಹಾಯಕರು ನಾವು ಹದಿನಾಲ್ಕು ಜನ, ನನ್ನದು ಯಾರಿಗೂ ತಿಳಿಯಲಾರದು ಎಂದು ಧೈರ್ಯವಾಗಿದ್ದೆ. ದೊಡ್ಡ ಮಾವ ಬಂದು ಸರಾಸರಿಯನ್ನೇ ಹಿಡಿದು ಕೇಳಿದರು. ಈಗ ಕಚೇರಿಗೆ ನಡೆದು ಹೋಗುತ್ತೇನೆ, ಸೈಕಲ್ ಅವರ ಮನೆಯಲ್ಲಿದೆ. ನನಗೊಬ್ಬಳು ರೂಟಾ ಇರಲಿಲ್ಲ.

ಮುಂದಿನ ವರ್ಷದ ನಮೂನೆ ಲಗತ್ತಿಸಿದ್ದೇನೆ. ಶಿಕ್ಷಕರ ಸಂಖ್ಯೆಯ ಜಾಗವನ್ನು ಹೇಗೆ ತುಂಬಬೇಕೆಂದು ನಾನು ಹೇಳುವುದಿಲ್ಲ.

ಬಾನುವೆರಾ


ಅಬಾನುಕ
2 ಫೆಬ್ರವರಿ 2004

ಮಗೂ,

ನಮೂನೆ ತುಂಬಿದೆ. ಮಕ್ಕಳು 61. ಶಿಕ್ಷಕರು 2. ಸಂಬಳ 1.

ಪಕ್ಕದ ಎರಡು ದ್ವೀಪಗಳ ಜೊತೆ ನಮ್ಮನ್ನು ಕೂಡಿಸಬೇಡ. ಈಗ ಮುಚ್ಚಿಡಲು ಏನೂ ಉಳಿದಿಲ್ಲ, ಸರ್ಕಾರಿ ಸಂಬಳದ ನಾವು ನಾಲ್ವರೂ ಒಪ್ಪಿದ್ದೇವೆ. ಟೋಪಿಯೊಂದು ಉಳಿದರೆ ಸಾಕು ಎಂದ ಪೊಲೀಸಪ್ಪ.

ಹೋದ ಜೂನ್‌ನಲ್ಲಿ ಕೇಳದೆ ಬಿಟ್ಟದ್ದನ್ನು ಈಗ ಕೇಳುತ್ತಿದ್ದೇನೆ. ಸುತ್ತಿ ಬಳಸಿ ಬರುವುದಿಲ್ಲ, ಕಾವುರೆಯ ಗತಿ ನೋಡಿದ್ದೇನೆ. ಬಾನುವೆರಾ, ನಿನ್ನ ಚಿಕ್ಕಮ್ಮನ ಬುಬುಸಿ ಇದು: ಎರಡು ಮತ್ತು ಒಂದು, ಎರಡನ್ನೂ ಇದ್ದ ಹಾಗೇ, ಪಕ್ಕಪಕ್ಕದಲ್ಲಿ ಅಚ್ಚು ಹಾಕು. ಸುಳ್ಳು ಬರೆ ಎನ್ನುತ್ತಿಲ್ಲ. ಓದಿದವರು ಯಾಕೆ ಹೀಗಿದೆ ಎಂದು ನಮ್ಮನ್ನಲ್ಲ, ಮೇಲಿನವರನ್ನು ಕೇಳಲಿ.

ಚಿಕ್ಕಮ್ಮ


ತರಾವಾ
11 ಅಕ್ಟೋಬರ್ 2004

ಅಬಾನುಕ ದ್ವೀಪದ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯವರಿಗೆ,

ಮಾನ್ಯರೇ,

ಈ ವರ್ಷದ ಪುಸ್ತಿಕೆಯ ಎರಡು ಪ್ರತಿಗಳನ್ನು ಕಳಿಸುತ್ತಿದ್ದೇನೆ. ಒಂದು ಮಾನೆಯಬಕ್ಕೆ, ಇನ್ನೊಂದು ಶಾಲೆಗೆ. ರೇಡಿಯೋದವರಿಗೂ ಇದೇ ಪ್ರತಿ ಹೋಗಿದೆ, ಈ ಸಲ ನಾನೇ ನಡೆದು ಹೋಗಿ ಕೊಟ್ಟು, ಹಳೆಯ ಹಾಳೆಗಳನ್ನು ಎಣಿಸಿ ತಂದಿದ್ದೇನೆ.

ತಮ್ಮ ಶಾಲೆ ಹದಿನೇಳನೇ ಪುಟದಲ್ಲಿದೆ. ಮಕ್ಕಳು 61, ಶಿಕ್ಷಕರು 2, ಸಂಬಳ 1. ಅಚ್ಚಿನ ಮನೆಯವರಿಗೆ ಹೇಳಿ 17ರ ಏಳಕ್ಕೆ ಅಡ್ಡಗೆರೆ ಹಾಕಿಸಲು ನೋಡಿದೆ, ಅಂಥ ಅಚ್ಚುಮೊಳೆ ಅವರಲ್ಲಿ ಇಲ್ಲವಂತೆ. ನಿಮ್ಮ ಎರಡು ಪ್ರತಿಗಳಲ್ಲಿ ಪೆನ್ನಿನಿಂದ ನಾನೇ ಎಳೆದಿದ್ದೇನೆ.

ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇದೆ. ಸಂಬಳದ ಪಟ್ಟಿಯ ಆದೇಶವಿದ್ದರೂ ನಿರ್ದೇಶಕರು ಓದಿ, ಏನನ್ನೂ ಕೇಳದೆ ಸಹಿ ಹಾಕಿದರು. ಅದು ಹೀಗಿದೆ:

"ಅಬಾನುಕ: ಶಿಕ್ಷಕರ ಸಂಖ್ಯೆಗೂ ಸಂಬಳದ ಸಂಖ್ಯೆಗೂ ಇರುವ ವ್ಯತ್ಯಾಸವನ್ನು ಪರಿಶೀಲಿಸಲಾಗಿದೆ. ಲೆಕ್ಕ ಸರಿಯಾಗಿದೆ."

ಬಾನುವೆರಾ